‘ನಂಗೆ’ ಅಂತ ಶುರುವಾದ್ರೆ ಐಎನ್‌ಜಿ ಹಾಕೋಕ್ ಮುಂಚೆ ನಿಲ್ಲಿ: ಪ್ರೆಸೆಂಟ್ ಕಂಟಿನ್ಯೂಯಸ್ ನೋಟ್ಸ್

ನಿನ್ನೆ ರಾತ್ರಿ ಎಸ್‌ಎಸ್‌ಸಿ (ಕೇಂದ್ರ ಸರ್ಕಾರಿ ಕೆಲಸದ ಪರೀಕ್ಷೆ) ಹಳೇ ಪೇಪರ್ ಇಟ್ಕೊಂಡು ತಪ್ಪು ಹುಡುಕೋ ಪ್ರಶ್ನೆ ಬಿಡಿಸ್ತಿದ್ದೆ, 10ಕ್ಕೆ 4 ಬಂತು, ಕೈ ಕೊಟ್ಟಿದ್ದೆಲ್ಲ ಹೆಚ್ಚುಕಮ್ಮಿ ಪ್ರೆಸೆಂಟ್ ಕಂಟಿನ್ಯೂಯಸ್, ಅಂದ್ರೆ ಈಗ ನಡೀತಿರೋ ಕೆಲಸ ಹೇಳೋ ಈ ಒಂದು ಟೆನ್ಸೇ. ಮರ್ತೋಗೋಕ್ ಮುಂಚೆ ಬರ್ದಿಡ್ತಿದೀನಿ.

ಕಟ್ಟೋದು ಎಲ್ರಿಗೂ ಗೊತ್ತಿರೋದೇ, ಆಮ್, ಈಸ್ ಅಥವಾ ಆರ್, ಆಮೇಲೆ ಐಎನ್‌ಜಿ ಹಚ್ಚಿದ ಕ್ರಿಯಾಪದ. ‘ಓದ್ತಾ ಇದೀನಿ’ನ ಎರಡು ತುಂಡು ಮಾಡಿ: ಓದ್ತಾ ಅಂದ್ರೆ ರೀಡಿಂಗ್, ಇದೀನಿ ಅಂದ್ರೆ ಆಮ್. ಹಿಂದು ಮುಂದು ಮಾಡಿದ್ರೆ ಆಮ್ ರೀಡಿಂಗ್. ಆಮ್ ನುಂಗಿ ‘ಐ ರೀಡಿಂಗ್’ ಅಂದ್ರೆ, ಕನ್ನಡದಲ್ಲಿ ‘ನಾನು ಓದ್ತಾ’ ಅಂತ ಹೇಳಿ ಸುಮ್ನಾದಂಗೆ. ಪ್ರಶ್ನೆ ಕೇಳೋವಾಗ ಆ ಆಮ್, ಈಸ್, ಆರ್ ಮುಂದಕ್ಕೆ ಬರುತ್ತೆ, ಆರ್ ಯೂ ರೀಡಿಂಗ್. ನೆಗೆಟಿವ್‌ಲಿ ಮಾತ್ರ ನಮ್ ಕನ್ನಡ ಸೋಮಾರಿ ಮಾಡಿಬಿಡುತ್ತೆ. ನಾನು, ಅವ್ನು, ಅವ್ರು ಯಾರಾದ್ರೂ ‘ಓದ್ತಾ ಇಲ್ಲ’ ಒಂದೇ, ಇಂಗ್ಲಿಷಲ್ಲಿ ಐ ಆಮ್ ನಾಟ್, ಹೀ ಈಸ್ ನಾಟ್, ದೇ ಆರ್ ನಾಟ್ ಅಂತ ಆಳು ನೋಡಿ ಬದಲಾಯಿಸ್ಬೇಕು.

ಸ್ಪೆಲ್ಲಿಂಗು: ಮೇಕ್‌ಗೆ ಕೊನೇ ಇ ಬಿದ್ದೋಗುತ್ತೆ, ಸೀ ಅನ್ನೋದ್ರಲ್ಲಿ ಬೀಳಲ್ಲ, ರನ್‌ಗೆ ಎನ್ ಎರಡಾಗುತ್ತೆ. ಬಿಗಿನ್‌ಗೆ ಒತ್ತು ಕೊನೇಲಿ ಇರೋದ್ರಿಂದ ಎನ್ ಎರಡು, ಓಪನ್‌ಗೆ ಒತ್ತು ಮೊದಲಲ್ಲಿ, ಒಂದೇ ಸಾಕು. ನಾಳೆಗೆ ಗ್ಯಾರಂಟಿ ಆಗಿರೋ ಪ್ಲಾನಿಗೂ ಇದೇ ಟೆನ್ಸ್, ‘ನಾಳೆ ಊರಿಗೆ ಹೋಗ್ತಿದೀನಿ’ ಅಂತ ನಾವೂ ಅಂತೀವಲ್ಲ, ಹಂಗೇ.

ಈಗ ನನ್ನ ತಲೆ ತಿಂದಿದ್ದು. ಕನ್ನಡದಲ್ಲಿ ‘ತಿದೆ’ ಕಂಡ ತಕ್ಷಣ ಐಎನ್‌ಜಿ ಹಾಕ್ತಿದ್ದೆ. ಆನ್‌ಲೈನ್ ಕ್ಲಾಸಲ್ಲಿ ‘ಕೇಳಿಸ್ತಿದ್ಯಾ?’ ಅಂತ ಕೇಳೋಕೆ ‘ಆರ್ ಯೂ ಹಿಯರಿಂಗ್ ಮಿ?’ ಅಂತಿದ್ದೆ. ಸರಿಯಾಗಿ ಕೇಳೋದು ಕ್ಯಾನ್ ಯೂ ಹಿಯರ್ ಮಿ. ಹಿಯರ್, ನೋ, ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್, ಇವೆಲ್ಲ ಸ್ಟೇಟಿವ್ ವರ್ಬ್, ನಾವು ಮಾಡೋ ಕೆಲಸ ಅಲ್ಲ, ನಮ್ಮೊಳಗೆ ಇರೋ ಸ್ಥಿತಿ. ಗೈಡಲ್ಲಿ ಉದ್ದದ ಲಿಸ್ಟ್ ಇತ್ತು, ಬಾಯಿಪಾಠ ಮಾಡೋಕೆ ಹೋಗಿ ಸುಸ್ತಾದೆ. ಆಮೇಲೆ ಕನ್ನಡಕ್ಕೆ ತಿರುಗಿಸಿ ಬರ್ಕೊಂಡಾಗ ಹೊಳೀತು, ಈ ಎಲ್ಲಾ ವಾಕ್ಯಾನೂ ‘ನಾನು’ ಅಂತ ಅಲ್ಲ, ‘ನಂಗೆ’ ಅಂತ ಶುರುವಾಗ್ತವೆ! ನಂಗೆ ಗೊತ್ತು, ನಂಗೆ ಬೇಕು, ನಂಗೆ ಇಷ್ಟ, ನಂಗೆ ಅರ್ಥ ಆಗ್ತಿದೆ.

ಜೋಡಿ ಹಾಕಿ ನೋಡಿ, ಮಜಾ ಇದೆ. ‘ನಂಗೆ ಕೇಳಿಸ್ತಿದೆ’ ಐ ಕ್ಯಾನ್ ಹಿಯರ್, ‘ನಾನು ಕೇಳ್ತಿದೀನಿ’ ಐ ಆಮ್ ಲಿಸನಿಂಗ್. ‘ನಂಗೆ ಕಾಣಿಸ್ತಿದೆ’ ಐ ಕ್ಯಾನ್ ಸೀ, ‘ನಾನು ನೋಡ್ತಿದೀನಿ’ ಐ ಆಮ್ ವಾಚಿಂಗ್. ಒಂದೇ ಥಿಂಕ್ ಕೂಡ ಹಿಂಗೇ ಒಡೆಯುತ್ತೆ: ‘ನಂಗೆ ಅನ್ಸುತ್ತೆ’ ಅಂದ್ರೆ ಐ ಥಿಂಕ್, ‘ನಾನು ಯೋಚ್ನೆ ಮಾಡ್ತಿದೀನಿ’ ಅಂದ್ರೆ ಐ ಆಮ್ ಥಿಂಕಿಂಗ್. ಹ್ಯಾವ್ ಅಂತೂ ಪಕ್ಕಾ. ‘ನಂಗೆ ಇಬ್ರು ತಂಗೀರಿದಾರೆ’ ಐ ಹ್ಯಾವ್ ಟೂ ಸಿಸ್ಟರ್ಸ್, ಇಲ್ಲಿ ಹ್ಯಾವಿಂಗ್ ಅಂದ್ರೆ ಮಾರ್ಕ್ಸ್ ಹೋಯ್ತು, ಆದ್ರೆ ‘ನಾನು ಊಟ ಮಾಡ್ತಿದೀನಿ’ಗೆ ಐ ಆಮ್ ಹ್ಯಾವಿಂಗ್ ಲಂಚ್ ನಡೆಯುತ್ತೆ.

‘ನಂಗೆ ಬೋರ್ ಆಗ್ತಿದೆ’ ಅನ್ನೋಕೆ ಎಷ್ಟೋ ದಿನ ‘ಐ ಆಮ್ ಬೋರಿಂಗ್’ ಅಂದಿದೀನಿ, ಅದರರ್ಥ ನಾನೇ ದೊಡ್ಡ ಬೋರು ಅಂತ! ಐ ಆಮ್ ಬೋರ್ಡ್ (bored) ಅನ್ನಬೇಕು. ನಂಗೆ ಹಸೀತಿದೆ ಕೂಡ ಐ ಆಮ್ ಹಂಗ್ರಿ ಅಷ್ಟೇ.

ಈ ಶಾರ್ಟ್‌ಕಟ್ ನೂರಕ್ಕೆ ನೂರು ಅಲ್ಲ. ‘ನಂಗೆ ನಿದ್ದೆ ಬರ್ತಿದೆ’ಗೆ ಐ ಆಮ್ ಫೀಲಿಂಗ್ ಸ್ಲೀಪಿ ಸರಿನೇ. ಆ ಕಡೆ ‘ನಾನು ನಿನ್ನ ಪ್ರೀತಿಸ್ತಿದೀನಿ’ಲಿ ನಾನು ಇದ್ರೂ ಐ ಲವ್ ಯೂನೇ, ಲವಿಂಗ್ ಅಂತ ಯಾರಿಗೂ ಮೆಸೇಜ್ ಹಾಕ್ಬೇಡಿ ದಯವಿಟ್ಟು.

ಇನ್ನೊಂದು ಉಲ್ಟಾ ಬಲೆ ಇದೆ, ಕನ್ನಡದಲ್ಲಿ ‘ತಾ’ನೇ ಇರಲ್ಲ ಆದ್ರೂ ಇಂಗ್ಲಿಷಲ್ಲಿ ಐಎನ್‌ಜಿ ಬೇಕು. ಚಿತ್ರ ನೋಡಿ ವಾಕ್ಯ ಬರೆಯೋವಾಗ ‘ಅವ್ನು ಕುರ್ಚಿ ಮೇಲೆ ಕೂತಿದಾನೆ’ಗೆ ‘ಹೀ ಹ್ಯಾಸ್ ಸ್ಯಾಟ್’ ಅಂತ ಬರ್ದಿದ್ದೆ, ಬಂದಿದಾನೆ ಅಂದ್ರೆ ಹ್ಯಾಸ್ ಕಮ್ ಆದ್ಮೇಲೆ ಇದೂ ಹಂಗೇ ತಾನೆ ಅಂತ. ಅಲ್ಲ. ಕೂತಿದಾನೆ ಅಂದ್ರೆ ಈಸ್ ಸಿಟಿಂಗ್. ಕೂತ್ಕೋತಿದಾನೆ, ಅಂದ್ರೆ ಇನ್ನೂ ಕುರ್ಚಿ ಮುಟ್ಟಿಲ್ಲ, ಅದಕ್ಕೆ ಈಸ್ ಸಿಟಿಂಗ್ ಡೌನ್. ನಿಂತಿದಾನೆ, ಮಲಗಿದಾನೆ, ಹಿಡ್ಕೊಂಡಿದಾನೆ ಎಲ್ಲಾ ಇದೇ ಜಾತಿ: ಸ್ಟ್ಯಾಂಡಿಂಗ್, ಸ್ಲೀಪಿಂಗ್, ಹೋಲ್ಡಿಂಗ್. ಸ್ವೆಟರ್ ಹಾಕ್ಕೊಂಡಿದಾಳೆ ಅಂದ್ರೆ ಈಸ್ ವೇರಿಂಗ್, ಹಾಕ್ಕೋತಿದಾಳೆ ಅಂದ್ರೆ ತಲೆ ಇನ್ನೂ ಸ್ವೆಟರ್ ಒಳಗೇ ಸಿಕ್ಕಾಕ್ಕೊಂಡಿದೆ, ಅದು ಈಸ್ ಪುಟಿಂಗ್ ಆನ್.

ಕೊನೇದು, ವಾಕ್ಯದಲ್ಲಿ ಆಗ್ಲೇ ಕಳೆದಿರೋ ಟೈಮ್ ಜೊತೆ ‘ಇಂದ’ ಸಿಕ್ರೆ ಆಮ್ ತೆಗ್ದು ಹ್ಯಾವ್ ಬೀನ್ ಹಾಕಿ. ‘5 ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದೀನಿ’ ಅಂದ್ರೆ ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್. ‘2019ರಿಂದ’ ಅಂತ ಶುರುವಾದ ವರ್ಷ ಕೊಟ್ಟಿದ್ರೆ ಫಾರ್ ಬದಲು ಸಿನ್ಸ್. ಅದು ಬೇರೆ ಟೆನ್ಸು, ಅದರ ಪೇಪರ್ ಇನ್ನೂ ಬಿಡಿಸಿಲ್ಲ.