ಹಳೆ ಕಾರಿಗೆ ಮೆಮೊರಿ ಸೀಟು: ವೈರ್ ಕತ್ತರಿಸುವ ಮೊದಲು ಓದಿಕೊಳ್ಳಿ

ಹಳೆ ಕಾರಿಗೆ ಪವರ್ ಮೆಮೊರಿ ಸೀಟು (ಬಟನ್ ಒತ್ತಿದರೆ ಉಳಿಸಿಟ್ಟ ಸ್ಥಾನಕ್ಕೆ ಮೋಟಾರಿನಿಂದ ತಾನೇ ಹೋಗುವ ಸೀಟು) ಹಾಕಿಸಬೇಕು ಅಂದಾಗ ಎಲ್ಲರೂ ಮೊದಲು ನೋಡುವುದು ಬೋಲ್ಟ್ ತೂತು ಹೊಂದುತ್ತದಾ ಅಂತ. ಅದನ್ನೂ ನೋಡಬೇಕು, ನಿಜ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಮೋಟಾರಿನ ಕರೆಂಟು ಸ್ವಿಚ್ ಮೂಲಕ ಹೋಗುತ್ತದಾ, ಮಾಡ್ಯೂಲ್ ಅನ್ನುವ ನಿಯಂತ್ರಣ ಪೆಟ್ಟಿಗೆ ಮೂಲಕ ಹೋಗುತ್ತದಾ? ಇದು ಗೊತ್ತಾದರೆ ಒಂದು ಮಧ್ಯಾಹ್ನದ ಕೆಲಸವೋ ತಿಂಗಳುಗಟ್ಟಲೆ ತಲೆನೋವೋ ಅನ್ನುವುದು ಆಗಲೇ ತಿಳಿಯುತ್ತದೆ.

ಮೆಮೊರಿ ಇಲ್ಲದ ಸಾದಾ ಪವರ್ ಸೀಟಿನಿಂದ ಶುರು ಮಾಡೋಣ. ಒಳಗಿರುವುದು ಎರಡು ವೈರಿನ ಡಿಸಿ ಮೋಟಾರ್. 12 ವೋಲ್ಟ್ ಒಂದು ಕಡೆಯಿಂದ ಕೊಟ್ಟರೆ ಸೀಟು ಮುಂದೆ ಹೋಗುತ್ತದೆ, ವೈರ್ ಅದಲು ಬದಲು ಮಾಡಿದರೆ ಹಿಂದೆ ಬರುತ್ತದೆ. ಸಾಮಾನ್ಯವಾಗಿ ಸ್ವಿಚ್ ಸುಮ್ನೆ ಇದ್ದಾಗ ಎರಡೂ ವೈರ್ ಅರ್ತಿಗೆ ಸೇರಿರುತ್ತವೆ. ಒತ್ತಿದಾಗ ಒಂದು ವೈರಿಗೆ ಮಾತ್ರ ಬ್ಯಾಟರಿ ಪ್ಲಸ್ ಸಿಗುತ್ತದೆ. ಅಂದರೆ ಕಾರಿನಿಂದ ಬೇಕಾದದ್ದು ಒಂದು ದಪ್ಪ ಪ್ಲಸ್, ಒಂದು ದಪ್ಪ ಅರ್ತ್, ಅಷ್ಟೇ. ಈ ಪ್ಲಸ್‌ಗೆ ಬ್ಯಾಟರಿ ಹತ್ತಿರವೇ ಬೇರೆ ಫ್ಯೂಸ್ ಇರಬೇಕು. ಮೂಲ ಕಾರಿನಲ್ಲಿ ಸಾಮಾನ್ಯವಾಗಿ 30 ಆಂಪಿಯರಿನದು ಇರುತ್ತದೆ. ಅದಕ್ಕೆ 4 ಚದರ ಮಿಲಿಮೀಟರ್ ವೈರ್ ಎಳೆಯುವುದು ಒಳ್ಳೆಯದು. ರೇಡಿಯೊ ಅಥವಾ ಲೈಟರ್ ವೈರಿನಿಂದ ಕದ್ದು ತೆಗೆದುಕೊಳ್ಳಬೇಡಿ. ಸೀಟು ಕೊನೆ ಮುಟ್ಟಿ ಮೋಟಾರ್ ತಡೆದು ನಿಂತಾಗ ಕರೆಂಟು ಓಡುವಾಗಿನದಕ್ಕಿಂತ ತುಂಬಾ ಜಾಸ್ತಿ ಆಗುತ್ತದೆ.

ಮೆಮೊರಿ ಸೀಟಿನಲ್ಲಿ ಇದರ ಜೊತೆ ಎರಡು ಸೇರುತ್ತವೆ: ಪ್ರತಿ ಚಲನೆಗೆ ಒಂದು ಸ್ಥಾನದ ಸೆನ್ಸರ್, ಆ ಸೆನ್ಸರುಗಳನ್ನು ಓದಿ ಮೋಟಾರ್ ನಡೆಸುವ ಮಾಡ್ಯೂಲ್. ಹಳೆಯ ಸೀಟುಗಳಲ್ಲಿ ಸೆನ್ಸರ್ ಅಂದರೆ ಪೊಟೆನ್ಷಿಯೊಮೀಟರ್. ಸೀಟು ಎಲ್ಲಿದೆಯೋ ಅದಕ್ಕೆ ತಕ್ಕ ವೋಲ್ಟೇಜ್ ಕೊಡುತ್ತದೆ, ಬ್ಯಾಟರಿ ತೆಗೆದು ಹಾಕಿದರೂ ಅದೇ ಉತ್ತರ. ಆಮೇಲೆ ಬಂದದ್ದು ಹಾಲ್ ಸೆನ್ಸರ್. ಇದು ಮೋಟಾರ್ ತಿರುಗಿದಂತೆ ಪಲ್ಸ್ ಕೊಡುತ್ತದೆ, ಮಾಡ್ಯೂಲ್ ಎಣಿಸುತ್ತದೆ. ಕತ್ತಲಲ್ಲಿ ಮೆಟ್ಟಿಲು ಎಣಿಸಿ ಇಳಿದ ಹಾಗೆ. ಲೆಕ್ಕ ಒಮ್ಮೆ ತಪ್ಪಿದರೆ ಎಲ್ಲಿದ್ದೇವೆ ಅನ್ನೋದೇ ಗೊತ್ತಾಗುವುದಿಲ್ಲ. ಅದಕ್ಕೇ ಇಂಥ ಸೀಟು ಕೂರಿಸಿದ ಮೇಲೆ ಪ್ರತಿ ಚಲನೆಯನ್ನೂ ಎರಡೂ ಕೊನೆವರೆಗೆ ಓಡಿಸಿ ಲೆಕ್ಕ ಹೊಸದಾಗಿ ಕಲಿಸಬೇಕಾಗುತ್ತದೆ. ಕ್ರಮ ಕಾರಿನಿಂದ ಕಾರಿಗೆ ಬೇರೆ, ಕೆಲವಕ್ಕೆ ಸ್ಕ್ಯಾನರ್ ಕೂಡ ಬೇಕು.

ಮೆಮೊರಿ ಅಂದ ತಕ್ಷಣ ಹೊಸ ಕಾಲದ ಕಂಪ್ಯೂಟರ್ ನೆನಪಾಗುತ್ತದೆ ಅಲ್ವಾ? ಆದರೆ 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೌಮ್‌ನಲ್ಲೇ ಮೆಮೊರಿ ಸೀಟು ಇತ್ತು. ಆದ್ದರಿಂದ ನಿಮ್ಮ ಸೀಟು ಯಾವ ಕಾಲದ್ದು ಅನ್ನೋದು ಮುಖ್ಯ. ಬಾಷ್ ಕಂಪನಿ 1986ರಲ್ಲಿ ಕ್ಯಾನ್ ಬಸ್ ಪರಿಚಯಿಸಿತು, ಅಂದರೆ ಮಾಡ್ಯೂಲುಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ವೈರ್ ಜಾಲ. ಅದು ಕಾರುಗಳಲ್ಲಿ ಹರಡಿದ ಮೇಲೆ ಸೀಟಿನ ಮಾಡ್ಯೂಲ್ ಉಳಿದ ಮಾಡ್ಯೂಲುಗಳ ಜೊತೆ ಮಾತಾಡಲು ಶುರು ಮಾಡಿತು. ಇಗ್ನಿಷನ್ ಆನ್ ಇದೆಯಾ, ಬಾಗಿಲು ತೆರೆದಿದೆಯಾ, ಗೇರ್ ಪಾರ್ಕ್‌ನಲ್ಲಿದೆಯಾ ಅನ್ನುವ ಉತ್ತರಗಳೆಲ್ಲ ಬಸ್ಸಿನಲ್ಲೇ ಬರುತ್ತವೆ. ಹಳೆ ಕಾರಿನಲ್ಲಿ ಆ ಉತ್ತರ ಹೇಳುವವರೇ ಇಲ್ಲ. ಆಗ ಬಟನ್ ಒತ್ತಿದರೆ ಸೀಟು ಚಲಿಸಿದರೂ ಉಳಿಸಿದ ಸ್ಥಾನಕ್ಕೆ ಹೋಗದೇ ಇರಬಹುದು. ಕೆಲವು ಮಾಡ್ಯೂಲ್ ಎದ್ದೇಳುವುದೇ ಇಲ್ಲ.

ಕರೆಂಟು ಸ್ವಿಚ್ ಮೂಲಕವೋ ಮಾಡ್ಯೂಲ್ ಮೂಲಕವೋ ಅಂತ ಗುರುತಿಸುವುದು ಹೇಗೆ? ಸ್ವಿಚ್ ಬಿಚ್ಚಿ ಹಿಂದಿನ ವೈರ್ ನೋಡಿ. ಮೋಟಾರಿಗೆ ಹೋಗುವ ವೈರ್ ದಪ್ಪಗಿದ್ದರೆ ಕರೆಂಟು ಸ್ವಿಚ್ ಮೂಲಕವೇ ಹೋಗುತ್ತಿದೆ. ಎಲ್ಲವೂ ತೆಳ್ಳಗಿದ್ದರೆ ಸ್ವಿಚ್ ಬರೀ ಸೂಚನೆ ಕೊಡುತ್ತಿದೆ, ಕೆಲಸ ಮಾಡುವುದು ಮಾಡ್ಯೂಲ್. ಆಮೇಲೆ ಆ ಸೀಟು ಬಂದ ಕಾರಿನ ಅದೇ ವರ್ಷದ ವೈರಿಂಗ್ ಡಯಾಗ್ರಾಂ ತೆಗೆದುಕೊಂಡು ಇದನ್ನೂ, ಮಾಡ್ಯೂಲಿಗೆ ಬಸ್ ಬೇಕಾ ಅನ್ನೋದನ್ನೂ ಖಚಿತ ಮಾಡಿಕೊಳ್ಳಿ. ಕೆಲವು ಕಾರುಗಳಲ್ಲಿ ಸ್ವಿಚ್ ಬಾಗಿಲ ಮೇಲಿರುತ್ತದೆ. ಹಾಗಿದ್ದರೆ ಬಾಗಿಲಿನ ವೈರಿಂಗೂ ಈ ಕೆಲಸದೊಳಗೆ ಬರುತ್ತದೆ.

ಬಸ್ ಇಲ್ಲದ ಕಾಲದ ಸೀಟಾದರೆ ಮಾಡ್ಯೂಲ್, ಸ್ವಿಚ್, ಹಾರ್ನೆಸ್ (ವೈರುಗಳ ಕಟ್ಟು) ಮೂರನ್ನೂ ಒಟ್ಟಿಗೆ ತನ್ನಿ. ಕನೆಕ್ಟರ್ ಕತ್ತರಿಸದೆ, ಆಚೆಗೂ ಒಂದಿಷ್ಟು ವೈರ್ ಇರುವಂತೆ ತೆಗೆಸಿ. ಪ್ಲಸ್, ಅರ್ತ್, ಇಗ್ನಿಷನ್, ಬೇಕಿದ್ದರೆ ಬಾಗಿಲಿನ ಸಿಗ್ನಲ್ ಕೊಟ್ಟರೆ ಮೆಮೊರಿ ನಿಜಕ್ಕೂ ಕೆಲಸ ಮಾಡುತ್ತದೆ. ಬಸ್ ಬೇಕೇ ಬೇಕು ಅನ್ನುವ ಸೀಟಾದರೆ ನನ್ನ ಸಲಹೆ ಮೆಮೊರಿಯನ್ನು ಬಿಟ್ಟುಬಿಡುವುದು. ಅದೇ ಸೀಟಿನ ಮೆಮೊರಿ ಇಲ್ಲದ ಸ್ವಿಚ್ ಸಿಕ್ಕರೆ ಅದನ್ನು ನೇರವಾಗಿ ಮೋಟಾರುಗಳಿಗೆ ಜೋಡಿಸಿ.

ಇಲ್ಲಿ ಒಂದು ಅಪಾಯ ಇದೆ, ಸರಿಯಾಗಿ ಅರ್ಥ ಮಾಡಿಕೊಳ್ಳಿ. ಮಾಡ್ಯೂಲ್ ಸುಮ್ನೆ ಇರುವಾಗಲೂ ಮೋಟಾರಿನ ಎರಡು ತುದಿಗಳನ್ನು ಅರ್ತಿಗೆ ಹಿಡಿದಿರಬಹುದು. ಅದನ್ನು ಹಾಗೇ ಬಿಟ್ಟು ಹೊರಗಿನಿಂದ ಪ್ಲಸ್ ಕೊಟ್ಟರೆ ನೇರ ಶಾರ್ಟ್. ಮೋಟಾರಿನ ವೈರುಗಳನ್ನು ಮಾಡ್ಯೂಲಿನಿಂದ ಪೂರ್ತಿ ಬಿಡಿಸಲೇಬೇಕು. ಮಾಡ್ಯೂಲ್ ಇದ್ದಾಗ ಕೊನೆ ಬರುವ ಮೊದಲೇ ಮೋಟಾರ್ ನಿಲ್ಲಿಸುತ್ತಿದ್ದರೆ ಆ ರಕ್ಷಣೆಯೂ ಹೋಗುತ್ತದೆ. ಹಾಗಾಗಿ ಬಿಸಿಯಾದಾಗ ತಾನೇ ಕಡಿದುಕೊಳ್ಳುವ ಬ್ರೇಕರ್ ಇರಲಿ.

ಇನ್ನು ಏರ್‌ಬ್ಯಾಗ್. ಹೊಸ ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರಬಹುದು, ಬಕಲ್‌ನಲ್ಲಿ ಬೆಲ್ಟ್ ಬಿಗಿಯುವ ಸಿಡಿಮದ್ದಿನ ಸಾಧನ ಇರಬಹುದು. ಇವುಗಳ ಕನೆಕ್ಟರ್ ಸಾಮಾನ್ಯವಾಗಿ ಹಳದಿ. ಕೈಹಾಕುವ ಮೊದಲು ಬ್ಯಾಟರಿ ಬಿಡಿಸಿ, ಮ್ಯಾನ್ಯುಯಲ್ ಹೇಳಿದಷ್ಟು ನಿಮಿಷ ಕಾಯಿರಿ. ಬ್ಯಾಟರಿ ತೆಗೆದರೂ ಏರ್‌ಬ್ಯಾಗ್ ಮಾಡ್ಯೂಲಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಆ ಕನೆಕ್ಟರಿಗೆ ಮಲ್ಟಿಮೀಟರ್ ಹಾಕಿ ಓಮ್ ಅಳೆಯಬೇಡಿ. ಮೀಟರಿನ ಕರೆಂಟೇ ಅದನ್ನು ಸಿಡಿಸಬಹುದು. ಎಚ್ಚರಿಕೆ ದೀಪ ಆರಿಸಲು ರೆಸಿಸ್ಟರ್ ಹಾಕುವ ಉಪಾಯ ತುಂಬಾ ಜನ ಹೇಳುತ್ತಾರೆ. ದಯವಿಟ್ಟು ಬೇಡ. ದೀಪ ಆರುತ್ತದೆ, ಏರ್‌ಬ್ಯಾಗ್ ಮಾತ್ರ ಇರುವುದಿಲ್ಲ. ಮುಂದಿನ ಕಾರು ಮಾಲೀಕನಿಗೆ ಅದು ಗೊತ್ತಾಗುವುದೂ ಇಲ್ಲ. ಪಕ್ಕದ ಸೀಟು ಇನ್ನೂ ಕಷ್ಟ. ಕೂತವರ ತೂಕ ನೋಡುವ ಸೆನ್ಸರನ್ನು ಎಷ್ಟೋ ಕಾರುಗಳಲ್ಲಿ ಸೀಟಿನ ಫೋಮ್ ಜೊತೆಗೇ ಹೊಂದಿಸಿರುತ್ತಾರೆ.

ಬೋಲ್ಟ್ ವಿಷಯಕ್ಕೆ ಬಂದರೆ, ಅಮೆರಿಕದ ಎಫ್‌ಎಂವಿಎಸ್‌ಎಸ್ 207 ವಾಹನ ಸುರಕ್ಷತಾ ನಿಯಮದ ಪ್ರಕಾರ ಸೀಟಿನ ಜೋಡಣೆ ಸೀಟಿನ ತೂಕದ 20 ಪಟ್ಟು ಬಲ ತಡೆಯಬೇಕು. 30 ಕಿಲೋ ಸೀಟಾದರೆ 600 ಕಿಲೋ ತೂಕದಷ್ಟು ಬಲ. ಬಕಲ್ ಸೀಟಿಗೇ ಕೂತಿದ್ದರೆ ಅದರ ಮೇಲೆ ಮನುಷ್ಯನ ಭಾರವೂ ಸೇರುತ್ತದೆ. ತೂತು ಹೊಂದಲಿಲ್ಲ ಅಂತ ಪಟ್ಟಿ ವೆಲ್ಡ್ ಮಾಡಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಅದೇ ಪೀಳಿಗೆಯ ಕಾರಿನ ಸೀಟು ಹುಡುಕಿ. ಕಂಪನಿ ಹೇಳಿದ ದರ್ಜೆಯ ಬೋಲ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಎಡ ಬಲ ರೈಲು ಒಂದೇ ಅಳತೆಯಲ್ಲಿವೆಯಾ ಅಂತಲೂ ನೋಡಿ. ಎರಡನ್ನೂ ಒಂದೇ ಮೋಟಾರ್ ಬಳುಕುವ ಕೇಬಲ್ ಮೂಲಕ ತಿರುಗಿಸುವ ಸೀಟಿನಲ್ಲಿ ಒಂದು ಕಡೆ ಜಾರಿದರೆ ಸೀಟು ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಕಾರು ಲಾಕ್ ಮಾಡಿ, ಮಾಡ್ಯೂಲುಗಳು ಮಲಗಲು ಅರ್ಧ ಗಂಟೆಯಾದರೂ ಬಿಟ್ಟು, ಬ್ಯಾಟರಿಯಿಂದ ಹೋಗುವ ಕರೆಂಟು ಅಳೆಯಿರಿ. 50 ಮಿಲಿ ಆಂಪಿಯರಿಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಜಾಸ್ತಿ ಇದ್ದರೆ ಸೀಟಿನ ಫ್ಯೂಸ್ ತೆಗೆದು ಮತ್ತೆ ನೋಡಿ. ಆಗ ಇಳಿದರೆ ಮಾಡ್ಯೂಲ್ ನಿದ್ದೆ ಮಾಡುತ್ತಿಲ್ಲ ಅಂತ ಅರ್ಥ. ಇಗ್ನಿಷನ್ ಸಿಗ್ನಲನ್ನು ತಪ್ಪಿ ನೇರ ಪ್ಲಸ್‌ಗೆ ಕೊಟ್ಟಿದ್ದೀರಾ ಅಂತ ಮೊದಲು ಪರೀಕ್ಷಿಸಿ.