ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್ ಕುಣಿಯುತ್ತಿದೆಯೇ? ಸ್ಪ್ರಿಂಗ್ ಮುಟ್ಟಬೇಡಿ, ಡ್ಯಾಂಪರ್ ನೋಡಿ

ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್ ತಂದು ವರ್ಕ್‌ಶಾಪ್ ಮುಂದೆ ನಿಲ್ಲಿಸುವವರು ಹೆಚ್ಚಾಗಿ ಎರಡರಲ್ಲಿ ಒಂದು ಕೇಳುತ್ತಾರೆ. "ಹಂಪ್‌ಗೆ ತಳ ತಾಗುತ್ತೆ, ಒಂದಿಂಚು ಎತ್ತಿಕೊಡಿ." ಇಲ್ಲವೇ, "ಹಿಂದೆ ಕೂತವರು ಕುಣೀತಾರೆ, ಗಟ್ಟಿ ಸ್ಪ್ರಿಂಗ್ ಹಾಕಿ." ಎರಡಕ್ಕೂ ನಾನು ಮೊದಲು ಹೇಳುವುದು "ಬೇಡ" ಅಂತ. ದುಡ್ಡು ಕೊಡಲು ಬಂದವರಿಗೆ ಯಾಕೆ ಬೇಡ ಅನ್ನುತ್ತೇನೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಓಡುವ ಈ ಬಗೆಯ ಕಾರುಗಳಲ್ಲಿ ಹಲವು ಪೆಟ್ರೋಲ್ ಕಾರಿನ ಮೈಯಲ್ಲೇ ಹುಟ್ಟಿದವು. ಟಾಟಾ ಟಿಯಾಗೊ ಇವಿಯನ್ನೇ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಕಾರು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಡ್ಯಾಂಪರೂ ಒಂದೇ ಕಂಬದಲ್ಲಿ), ಹಿಂದೆ ಟ್ವಿಸ್ಟ್ ಬೀಮ್ (ಹಿಂದಿನ ಎರಡೂ ಚಕ್ರ ಜೋಡಿಸುವ, ತಿರುಚಿಕೊಳ್ಳಬಲ್ಲ ತೊಲೆ). ಪೆಟ್ರೋಲ್ ಟಿಯಾಗೊದಲ್ಲೂ ಇದೇ ಏರ್ಪಾಡು. ಆದರೆ ಮುಂದಿದ್ದ ಎಂಜಿನ್, ಗೇರ್‌ಬಾಕ್ಸ್ ಹೋಗಿ ಹಗುರವಾದ ಮೋಟರ್ ಬಂತು. ಹಿಂದಿನ ಸೀಟಿನ ಕೆಳಗೆ, ಸ್ಟೆಪ್ನಿ ಮಲಗುತ್ತಿದ್ದ ಜಾಗದಲ್ಲಿ ಬ್ಯಾಟರಿ ಕೂತಿತು. ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಕೊಡುವುದು ಅದಕ್ಕೇ. 24 ಕಿಲೋವ್ಯಾಟ್ ಅವರ್‌ನ ಪ್ಯಾಕ್ ಅಂದರೆ ಪೆಟ್ಟಿಗೆ ಸೇರಿ ಹತ್ತಿರಹತ್ತಿರ ಒಂದೂವರೆ ಕ್ವಿಂಟಲ್ ಅಂದುಕೊಳ್ಳಿ. ಹಾಗಾಗಿ ಕಾರಿನ ಒಟ್ಟು ತೂಕ ಏರುತ್ತದೆ, ಮತ್ತು ಏರಿದ ತೂಕದ ದೊಡ್ಡ ಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಸಣ್ಣದೇ. ಸ್ಪ್ರಿಂಗ್ ಮೇಲೆ ಕೂತ ಕಾರಿಗೆ ತನ್ನದೇ ಒಂದು ಕುಣಿತದ ಲಯ ಇರುತ್ತದೆ. ಸಾಮಾನ್ಯ ಕಾರುಗಳಲ್ಲಿ ಅದು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ಅದೇ ಸ್ಪ್ರಿಂಗ್ ಮೇಲೆ ತೂಕ ಶೇ 15ರಷ್ಟು ಹೆಚ್ಚಿದರೆ ಲಯ ಸುಮಾರು ಶೇ 7ರಷ್ಟು ನಿಧಾನವಾಗುತ್ತದೆ, ಕಾರು ಕೆಳಗೆ ಕೂರುತ್ತದೆ. ಕಂಪನಿಯವರು ಸ್ಪ್ರಿಂಗ್ ಗಟ್ಟಿ ಮಾಡಿ ಇದನ್ನು ಸರಿದೂಗಿಸುತ್ತಾರೆ. ಆದರೆ ಸ್ಪ್ರಿಂಗ್ ಕುಣಿತವನ್ನು ನಿಲ್ಲಿಸುವುದಿಲ್ಲ. ಅದು ಶಕ್ತಿಯನ್ನು ಹಿಡಿದಿಟ್ಟು ವಾಪಸ್ ಕೊಡುತ್ತದೆ, ಅಷ್ಟೇ. ಕುಣಿತ ನಿಲ್ಲಿಸುವುದು ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ "ಶಾಕಪ್ಸರ್". ತೂಕವೂ ಸ್ಪ್ರಿಂಗೂ ಶೇ 15ರಷ್ಟು ಏರಿದರೆ, ಮೊದಲಿನ ಹಿಡಿತ ಸಿಗಲು ಡ್ಯಾಂಪರ್ ಕೂಡ ಅಷ್ಟೇ ಗಟ್ಟಿಯಾಗಬೇಕು.

ಇದರಿಂದ ಒಂದು ತಮಾಷೆಯ ಸತ್ಯ ಹೊರಡುತ್ತದೆ. ಡ್ಯಾಂಪರ್ ಹಾಗೇ ಬಿಟ್ಟು ಸ್ಪ್ರಿಂಗ್ ಮಾತ್ರ ಶೇ 20ರಷ್ಟು ಗಟ್ಟಿ ಹಾಕಿದರೆ, ಕುಣಿತದ ಮೇಲಿನ ಹಿಡಿತ ಸುಮಾರು ಶೇ 9ರಷ್ಟು ಕಡಿಮೆಯಾಗುತ್ತದೆ. ಕುಣಿತ ನಿಲ್ಲಿಸಲು ಹಾಕಿದ ಸ್ಪ್ರಿಂಗೇ ಕುಣಿತ ಜಾಸ್ತಿ ಮಾಡುತ್ತದೆ! ಸ್ಪ್ರಿಂಗ್ ಹಾಕಿಸಿದ ವಾರಕ್ಕೆ "ಇನ್ನೂ ಕೆಟ್ಟದಾಯ್ತಲ್ಲ ಸಾರ್" ಅಂತ ಜನ ವಾಪಸ್ ಬರುವುದು ಇದಕ್ಕೇ.

ಹಾಗಾದರೆ ಮೊದಲು ಏನು ಮಾಡಬೇಕು? ದೂರು ಯಾವುದು ಅಂತ ಬೇರೆ ಮಾಡಿಕೊಳ್ಳಬೇಕು. ಹಂಪ್ ದಾಟಿದ ಮೇಲೆ ಹಿಂಭಾಗ ಎರಡು ಮೂರು ಸಲ ತೇಲಿ ಮುಳುಗಿದರೆ ಅದು ರಿಬೌಂಡ್ (ಸ್ಪ್ರಿಂಗ್ ವಾಪಸ್ ಚಾಚುವಾಗ ಡ್ಯಾಂಪರ್ ಕೊಡುವ ಹಿಡಿತ) ಸಾಲದ ಲಕ್ಷಣ. ಒಂದು ಸಲ ಎದ್ದು, ಇಳಿದು, ಸುಮ್ಮನಾಗಬೇಕು. "ದಡ್" ಅಂತ ಒಂದೇ ಏಟು ಬಿದ್ದು ಬೆನ್ನಿಗೆ ಹೊಡೆದರೆ ಅದು ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಗ್ಗದಂತೆ ತಡೆಯುವ ಫೋಮ್ ತುಂಡು) ತಾಗಿದ್ದಿರಬಹುದು, ಟೈರಿನ ಗಾಳಿ ಜಾಸ್ತಿ ಇದ್ದಿರಬಹುದು. ಸಣ್ಣ ಕಲ್ಲುಗಳ ಮೇಲೆ "ಕಟಕಟ" ಅಂದರೆ ಲಿಂಕ್ ರಾಡ್, ಬುಷ್ (ಕೀಲುಗಳಲ್ಲಿರುವ ರಬ್ಬರ್), ಇಲ್ಲವೇ ಸ್ಟ್ರಟ್ ಮೌಂಟ್ (ಸ್ಟ್ರಟ್ ತುದಿಯನ್ನು ಬಾಡಿಗೆ ಕೂರಿಸುವ ಭಾಗ) ಸಡಿಲವಾಗಿರಬಹುದು. ಈ ಸದ್ದು ಪೆಟ್ರೋಲ್ ಕಾರಿನಲ್ಲೂ ಇರುತ್ತದೆ, ಅಲ್ಲಿ ಎಂಜಿನ್ ಅದನ್ನು ಮುಚ್ಚಿಡುತ್ತದೆ. ಎಲೆಕ್ಟ್ರಿಕ್‌ನಲ್ಲಿ ಮುಚ್ಚಲು ಯಾರೂ ಇಲ್ಲ. ಮೂಲೆ ಒತ್ತಿ ಕುಣಿಸಿ ನೋಡುವ ಹಳೇ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪೂರ್ತಿ ಸತ್ತ ಡ್ಯಾಂಪರ್ ಅದರಲ್ಲಿ ಸಿಕ್ಕಿಬೀಳುತ್ತದೆ. ಅರ್ಧ ಸತ್ತದ್ದು ತಪ್ಪಿಸಿಕೊಳ್ಳುತ್ತದೆ.

ನನಗಿಷ್ಟವಾದ ಪರೀಕ್ಷೆಗೆ ಒಂದು ಕೇಬಲ್ ಟೈ ಸಾಕು. ಹಿಂದಿನ ಡ್ಯಾಂಪರ್‌ನ ರಬ್ಬರ್ ಬೂಟ್ ಮೇಲೆತ್ತಿ, ರಾಡ್ ಸುತ್ತ ಸಣ್ಣ ಟೈ ಕಟ್ಟಿ ಕೆಳಗೆ ದೂಡಿಡಿ. ಬಿಗಿಯಾಗಿರಬೇಕು, ಆದರೆ ತಳ್ಳಿದರೆ ಸರಿಯಬೇಕು. ಒಬ್ಬರೇ ಇದ್ದಾಗ ನಿಮ್ಮ ಮಾಮೂಲಿ ದಾರಿಯಲ್ಲಿ ಓಡಿಸಿ, ನೋಡಿ. ಮತ್ತೆ ನಾಲ್ಕು ಜನ, ಲಗೇಜು ಸಮೇತ ಓಡಿಸಿ, ನೋಡಿ. ಟೈ ಎಲ್ಲಿಯವರೆಗೆ ಸರಿದಿದೆಯೋ ಅಷ್ಟು ಟ್ರಾವೆಲ್, ಅಂದರೆ ಡ್ಯಾಂಪರ್ ಮೇಲೆ ಕೆಳಗೆ ಸರಿಯುವ ದೂರ, ಬಳಕೆಯಾಗಿದೆ. ತುಂಬಿದ ಕಾರಿನಲ್ಲೂ ಟೈ ಬಂಪ್ ಸ್ಟಾಪ್‌ನ ಫೋಮ್ ಒಳಗೆ ಜೋರಾಗಿ ನುಗ್ಗಿರದಿದ್ದರೆ ನಿಮ್ಮ ಸ್ಪ್ರಿಂಗ್ ಸರಿಯಾಗೇ ಇದೆ. ಅದನ್ನು ಮುಟ್ಟುವ ಮಾತೇ ಬೇಡ.

ಇನ್ನು ಹಂಪ್ ವಿಷಯ. ಟಿಯಾಗೊ ಇವಿಯ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ತಳದ ಎತ್ತರ) 166 ಮಿಲಿಮೀಟರ್, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2,400 ಮಿಲಿಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಪ್ರಕಾರ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿಲೋಮೀಟರ್ ವೇಗದಲ್ಲಿ ದಾಟುವಂತಿರಬೇಕು. ಅಂಥ ಹಂಪ್ ಮೇಲೆ ಈ ಕಾರಿನ ನಾಲ್ಕೂ ಚಕ್ರ ಒಟ್ಟಿಗೆ ನಿಲ್ಲುತ್ತವೆ. ಚಕ್ರಗಳ ನಡುವೆ ಡಾಂಬರು ಮೇಲೇರುವುದು ಬರೀ 4 ಸೆಂಟಿಮೀಟರ್ ಚಿಲ್ಲರೆ. ಪೂರ್ತಿ ಲೋಡ್ ಹಾಕಿದರೂ ತಾಗುವ ಪ್ರಶ್ನೆ ಇಲ್ಲ. ತಾಗುವುದು ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿದ ಗೋಡೆಯಂಥ ಹಂಪ್‌ಗಳಿಗೆ. ಅವಕ್ಕೆ ತಕ್ಕಂತೆ ಕಾರು ಎತ್ತುತ್ತಾ ಹೋದರೆ ಕೊನೆಯೇ ಇಲ್ಲ.

ಎತ್ತಲು ಬಳಸುವ ದಾರಿಗಳಂತೂ ಇನ್ನೂ ತೊಂದರೆ. ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಗೊತ್ತಲ್ವಾ? ಆನ್‌ಲೈನ್‌ನಲ್ಲಿ ಸಿಗುತ್ತದೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದು ಮಾಡುವುದು ಇಷ್ಟೇ: ಆ ಜಾಗದ ಸುರುಳಿ ಕೆಲಸ ಮಾಡದಂತೆ ತಡೆಯುತ್ತದೆ. ಉಳಿದ ಸುರುಳಿಗಳ ಮೇಲೆ ಭಾರ ಬೀಳುತ್ತದೆ, ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಡ್ಯಾಂಪರ್ ಹಳೆಯದೇ. ಮೇಲೆ ಹೇಳಿದ ಲೆಕ್ಕಕ್ಕೆ ವಾಪಸ್ ಬಂದೆವು. ಕೆಸರು, ಮರಳು ಸಿಕ್ಕಿಕೊಂಡು ಸ್ಪ್ರಿಂಗ್‌ನ ಬಣ್ಣ ಉಜ್ಜಿಹೋಗಿ ತುಕ್ಕು ಹಿಡಿಯುವುದು ಬೋನಸ್. ಸ್ಟ್ರಟ್‌ನ ಸ್ಪ್ರಿಂಗ್ ತುದಿಗೆ ಇಡುವ ಸ್ಪೇಸರ್ (ದಪ್ಪ ಬಿಲ್ಲೆ) ಇನ್ನೊಂದು ಬಗೆ. 20 ಮಿಲಿಮೀಟರ್ ಎತ್ತಿದರೆ ಚಕ್ರ ಕೆಳಗೆ ಇಳಿಯುವ ಕಡೆಯ ಟ್ರಾವೆಲ್ ಅಷ್ಟು ಕಡಿಮೆ. ಗುಂಡಿಗೆ ಇಳಿದಾಗ ಡ್ಯಾಂಪರ್ ಪೂರ್ತಿ ಎಳೆದುಕೊಂಡು "ಟಪ್" ಅನ್ನುತ್ತದೆ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಓರೆಯಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಇದು ಒಂದಷ್ಟು ದಿನ ನಡೆದೀತು. ಎಲೆಕ್ಟ್ರಿಕ್ ಮೋಟರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ, ಕಾಲು ತೆಗೆದರೆ ರೀಜನ್ (ಮೋಟರೇ ಬ್ರೇಕಿನಂತೆ ತಡೆದು ಬ್ಯಾಟರಿ ತುಂಬುವುದು) ಹಿಂದಕ್ಕೆ ಎಳೆಯುತ್ತದೆ. ಓರೆಯಾದ ಸಿವಿ ಜಾಯಿಂಟ್ (ಡ್ರೈವ್ ಶಾಫ್ಟ್‌ನ ಕೀಲು) ಮೇಲೆ ದಿನವಿಡೀ ಈ ಎಳೆದಾಟ.

ಈ ಎಳೆದಾಟ ಬುಷ್‌ಗಳಿಗೂ ತಟ್ಟುತ್ತದೆ. ಮುಂದಿನ ಚಕ್ರವನ್ನು ಕೆಳಗಿಂದ ಹಿಡಿದಿರುವ ಲೋವರ್ ಆರ್ಮ್‌ನ ಹಿಂದಿನ ಬುಷ್ ಅನ್ನು ವೇಗ ಹೆಚ್ಚಿಸಿದಾಗ ಮುಂದಕ್ಕೆ, ರೀಜನ್ ಆದಾಗ ಹಿಂದಕ್ಕೆ ತಳ್ಳಲಾಗುತ್ತದೆ. ಟಿಯಾಗೊ ಇವಿಯಲ್ಲಿ ರೀಜನ್‌ಗೆ ಸೊನ್ನೆ ಸೇರಿ ನಾಲ್ಕು ಹಂತ ಇವೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮೂರರಲ್ಲೇ ಓಡಿಸುವವರು ಜಾಸ್ತಿ. ತಪ್ಪೇನಿಲ್ಲ, ನಾನೂ ಹಾಗೇ ಓಡಿಸುತ್ತೇನೆ. ಆದರೆ ಡ್ಯಾಂಪರ್‌ಗೆ ದುಡ್ಡು ಹಾಕುವ ಮೊದಲು ಲಿವರ್ ಹಾಕಿ ಈ ಬುಷ್ ಅಲ್ಲಾಡಿಸಿ ನೋಡಿಸಿ. ಬಿರುಕು ಬಿಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ಪಾಲಿಯುರೆಥೇನ್ ಬುಷ್ ಬೇಡ. ಗಟ್ಟಿ ಇರುತ್ತದೆ ನಿಜ, ಆದರೆ ರಸ್ತೆಯ ಸದ್ದನ್ನೆಲ್ಲ ಒಳಗೆ ತರುತ್ತದೆ.

ಟೈರ್ ಬಗ್ಗೆ ಎರಡೇ ಮಾತು. ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿರುವಷ್ಟೇ ಗಾಳಿ ಹಾಕಿಸಿ. ರೇಂಜ್ ಜಾಸ್ತಿ ಸಿಗಲಿ ಅಂತ ನಾಲ್ಕೈದು ಪಿಎಸ್‌ಐ ಹೆಚ್ಚಿಗೆ ಹಾಕಿಸಿ, ಆಮೇಲೆ ಸಸ್ಪೆನ್ಷನ್ ಗಡಸು ಅಂತ ಬರುವವರು ಬಹಳ. ಮತ್ತೆ, ದೊಡ್ಡ ಅಲಾಯ್ ಹಾಕಿಸಬೇಡಿ. 175/65 ಆರ್14 ಟೈರಿನ ಪಕ್ಕದ ಗೋಡೆ 114 ಮಿಲಿಮೀಟರ್ ಇದೆ. ಗುಂಡಿಯ ಏಟನ್ನು ಮೊದಲು ತಿನ್ನುವುದು ಅದೇ.

ಇಷ್ಟೆಲ್ಲ ಸರಿ ಇದ್ದು, ಕಾರು ಇನ್ನೂ ತೇಲುತ್ತಿದ್ದರೆ ಆಗ ಡ್ಯಾಂಪರ್. ಇಲ್ಲಿ ಒಂದು ಎಚ್ಚರಿಕೆ. ಪೆಟ್ರೋಲ್ ಮಾಡೆಲ್‌ಗೆಂದು ಮಾಡಿದ ಡ್ಯಾಂಪರ್ ಕೆಲವೊಮ್ಮೆ ಎಲೆಕ್ಟ್ರಿಕ್‌ಗೂ ಸರಿಯಾಗಿ ಕೂರುತ್ತದೆ. ಬೋಲ್ಟ್ ಕೂತಿತು ಅಂದಮಾತ್ರಕ್ಕೆ ವಾಲ್ವಿಂಗ್ (ಒಳಗೆ ಎಣ್ಣೆ ಹರಿಯುವುದನ್ನು ತಡೆಯುವ ಹೊಂದಾಣಿಕೆ) ಸರಿಯಿದೆ ಅಂತಲ್ಲ. ಹಗುರ ಕಾರಿಗೆ ಹೊಂದಿಸಿದ್ದು ಭಾರದ ಕಾರಿನಲ್ಲಿ ಮೊದಲಿಗಿಂತ ಸಡಿಲ ಆಗಬಹುದು. ಅಂಗಡಿಯವರನ್ನು ಪಾರ್ಟ್ ನಂಬರ್ ಕೇಳಿ. "ಎಲ್ಲಾ ಒಂದೇ ಸಾರ್" ಅಂದರೆ ಎದ್ದು ಬನ್ನಿ.

ಡ್ಯಾಂಪರ್ ಟ್ವಿನ್ ಟ್ಯೂಬೋ (ಕೊಳವೆಯೊಳಗೆ ಕೊಳವೆ) ಮೊನೊ ಟ್ಯೂಬೋ (ಒಂದೇ ಕೊಳವೆ)? ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೆ ಸಾದಾ ಟ್ವಿನ್ ಟ್ಯೂಬ್‌ನ ಎಣ್ಣೆಯಲ್ಲಿ ಗಾಳಿ ಬೆರೆತು ನೊರೆಯಾಗಿ ಹಿಡಿತ ಸಡಿಲವಾಗುತ್ತದೆ. ಕಡಿಮೆ ಒತ್ತಡದ ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್‌ನಲ್ಲಿ ಇದು ಕಡಿಮೆ. ಮೊನೊ ಟ್ಯೂಬ್‌ನಲ್ಲಿ ಎಣ್ಣೆ ಮತ್ತು ಗ್ಯಾಸ್ ಬೇರೆಬೇರೆ ಇರುವುದರಿಂದ ನೊರೆಯ ಕಾಟ ಇಲ್ಲ, ಬಿಸಿಯೂ ಬೇಗ ಆರುತ್ತದೆ. ಆದರೆ ಒಳಗಿನ ಒತ್ತಡ 25 ಬಾರ್ ಆಸುಪಾಸು. 11 ಮಿಲಿಮೀಟರ್ ರಾಡ್ ಇದ್ದರೆ ಒಂದೊಂದು ಡ್ಯಾಂಪರ್ ಸುಮಾರು 24 ಕಿಲೋದಷ್ಟು ಬಲದಿಂದ ಕಾರನ್ನು ಮೇಲಕ್ಕೆ ತಳ್ಳುತ್ತದೆ. ಕೆಲವು ಮಿಲಿಮೀಟರ್ ತಾನಾಗೇ ಏಳುತ್ತದೆ, ಸಣ್ಣ ಉಬ್ಬುಗಳ ಮೇಲೆ ಬಿಗಿ ಅನ್ನಿಸುತ್ತದೆ. ಕಲ್ಲು ಬಡಿದು ಹೊರ ಕೊಳವೆ ನೆಗ್ಗಿದರೆ ಮೊನೊ ಟ್ಯೂಬ್ ಕೆಲಸ ಮುಗಿಯಿತು. ದಿನಾ ಆಫೀಸಿಗೆ ಓಡಿಸುವವರಿಗೆ ನನ್ನ ಆಯ್ಕೆ ಒಳ್ಳೆಯ ಗ್ಯಾಸ್ ಟ್ವಿನ್ ಟ್ಯೂಬ್, ರಿಬೌಂಡ್ ಸ್ವಲ್ಪ ಬಿಗಿ, ಕಂಪ್ರೆಷನ್ (ಕುಗ್ಗುವಾಗಿನ ಹಿಡಿತ) ಹೆಚ್ಚುಕಡಿಮೆ ಮೂಲದಷ್ಟೇ. ಬಜೆಟ್ ಕಡಿಮೆ ಇದ್ದರೆ ಹಿಂದಿನ ಜೋಡಿ ಮಾತ್ರ ಬದಲಿಸಿ. ಬ್ಯಾಟರಿಯ ಭಾರ ಇರುವುದು ಅಲ್ಲೇ ತಾನೇ? ಒಂದನ್ನೇ ಬದಲಿಸುವುದು ಮಾತ್ರ ಬೇಡವೇ ಬೇಡ.

ಎತ್ತರ ಹೊಂದಿಸುವ ಕಾಯಿಲೋವರ್ (ಸ್ಪ್ರಿಂಗ್ ಸುತ್ತಿದ ಡ್ಯಾಂಪರ್ ಸೆಟ್) ಬಗ್ಗೆ ಕೇಳುವ ಹುಡುಗರಿಗೆ: ಇಳಿಸಿದರೆ ಮೊದಲು ನೆಲ ಕಾಣುವುದು ಬ್ಯಾಟರಿ ಪೆಟ್ಟಿಗೆ. ಐಪಿ67 ರಕ್ಷಣೆ ನೀರು, ಧೂಳಿಗೆ. ಹಂಪ್‌ನ ಗುದ್ದಿಗಲ್ಲ.

ಜೋಡಿಸುವಾಗ ಯಾರು ಕೆಲಸ ಮಾಡುತ್ತಾರೆ ಅನ್ನುವುದು ಭಾಗದಷ್ಟೇ ಮುಖ್ಯ. ಕಾರು ಆಫ್ ಆಗಿರಬೇಕು. ಜ್ಯಾಕ್ ಬಾಡಿಯ ಅಂಚಿನಲ್ಲಿ ಗುರುತು ಮಾಡಿದ ಜಾಗಕ್ಕೇ ಕೊಡಬೇಕು, ಬ್ಯಾಟರಿ ತಳಕ್ಕಲ್ಲ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ದೂರ. ಎಬಿಎಸ್ ಸೆನ್ಸರ್ ವೈರು, ಬ್ರೇಕ್ ಹೋಸು ಮೊದಲಿದ್ದ ಕ್ಲಿಪ್‌ಗೇ ವಾಪಸ್ ಹೋಗಬೇಕು. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಕಾರು ಮೇಲಿದ್ದಾಗ ಬರೀ ಕೂರಿಸಿಡಬೇಕು. ಚಕ್ರ ನೆಲಕ್ಕೆ ತಾಗಿ ಕಾರಿನ ಭಾರ ಬಿದ್ದ ಮೇಲೆ ಕೊನೆಯ ಟಾರ್ಕ್ (ಪೂರ್ತಿ ಬಿಗಿ) ಕೊಡಬೇಕು. ಬಹುತೇಕ ಗ್ಯಾರೇಜ್‌ಗಳಲ್ಲಿ ತಪ್ಪುವುದು ಇಲ್ಲೇ. ಚಕ್ರ ನೇತಾಡುವಾಗಲೇ ಬಿಗಿ ಮಾಡಿದರೆ, ಕಾರು ಇಳಿಸಿದ ಕ್ಷಣದಿಂದ ಬುಷ್ ತಿರುಚಿಕೊಂಡೇ ಬದುಕುತ್ತದೆ, ಬೇಗ ಹರಿಯುತ್ತದೆ. ಮುಂದಿನ ಸ್ಟ್ರಟ್ ಬಿಚ್ಚಿದ್ದರೆ ಅಲೈನ್‌ಮೆಂಟ್ ಆಗಲೇಬೇಕು. ಟೋ (ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೆಟ್ಟರೆ ಟೈರೂ ಸವೆಯುತ್ತದೆ, ರೇಂಜೂ ಇಳಿಯುತ್ತದೆ. ಹಿಂದಿನ ಟ್ವಿಸ್ಟ್ ಬೀಮ್‌ಗೆ ಹೊಂದಿಸುವ ಸ್ಕ್ರೂ ಇರುವುದಿಲ್ಲ. ಅಲ್ಲಿ ರೀಡಿಂಗ್ ತಪ್ಪಾಗಿ ಬಂದರೆ ಬೀಮೇ ಬಾಗಿದೆಯಾ ನೋಡಿಸಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಾರಿನ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ಅಳತೆಯ, ಅದೇ ಜಾಗದ ಡ್ಯಾಂಪರ್ ಹಾಕುವುದು ಒಂದು, ಕಾರಿನ ಎತ್ತರ ಬದಲಿಸುವುದು ಇನ್ನೊಂದು. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರ್‌ನಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ, ಬಾಯಿಮಾತು ಸಾಲದು. ಬಿಚ್ಚಿದ ಹಳೇ ಡ್ಯಾಂಪರ್‌ಗಳನ್ನು ಗುಜರಿಗೆ ಹಾಕಬೇಡಿ. ಮನೆಯಲ್ಲಿ ನೇರವಾಗಿ ನಿಲ್ಲಿಸಿಡಿ, ಕಾರು ಮಾರುವಾಗ ಬೇಕಾಗಬಹುದು.