ಬಿಸಿಯೂಟದ ತಟ್ಟೆಗೆ ಮೊಟ್ಟೆ ಬಂದ ದಾರಿ

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೊಟ್ಟೆ ಕೊಡಬೇಕೇ ಬೇಡವೇ ಎಂಬ ಜಗಳ ಎಷ್ಟು ಸಲ ಎದ್ದಿದೆಯೆಂದರೆ, ಈಗ ಯಾವ ಆದೇಶ ಜಾರಿಯಲ್ಲಿದೆ, ಯಾರ ದುಡ್ಡು, ವಾರಕ್ಕೆ ಎಷ್ಟು ದಿನ ಎಂಬುದು ಪೋಷಕರಿಗೇ ಗೊಂದಲ.

1995ರಲ್ಲಿ ಕೇಂದ್ರದ ಯೋಜನೆ ಬಂದಾಗ ಮಕ್ಕಳ ಕೈಗೆ ಸಿಗುತ್ತಿದ್ದುದು ತಿಂಗಳಿಗೆ 3 ಕೆ.ಜಿ. ಅಕ್ಕಿ. ಅದು ಮನೆಯವರೆಲ್ಲರ ಹೊಟ್ಟೆಗೆ ಹೋಗುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಿ ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. 2002ರಲ್ಲಿ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ ಶುರುವಾದ ರಾಜ್ಯದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಮರುವರ್ಷ ಉಳಿದ ಕಡೆಗೂ ಹಬ್ಬಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ 150 ಮಿ.ಲೀ. ಹಾಲು ಸೇರಿತು. ಹಾಲಿಗೆ ಯಾರ ತಕರಾರೂ ಇರಲಿಲ್ಲ.

ಮೊಟ್ಟೆಯ ಕಥೆ ಹಾಗಲ್ಲ. ಅಂಗನವಾಡಿಯಲ್ಲಿ ಅದು ಮೊದಲೇ ಇತ್ತು. ಅದೇ ಮಗು ಒಂದನೇ ತರಗತಿಗೆ ಬಂದೊಡನೆ ನಿಂತುಹೋಗುತ್ತಿತ್ತು. ಶಾಲೆಗೂ ಕೊಡೋಣವೆಂಬ ಪ್ರಸ್ತಾಪ ವಿರೋಧಕ್ಕೆ ಹೆದರಿ ಹಿಂದೆ ಸರಿದದ್ದುಂಟು. ಕೊನೆಗೆ 2021ರ ಡಿಸೆಂಬರ್‌ನಲ್ಲಿ, ಅಪೌಷ್ಟಿಕತೆ ಹೆಚ್ಚಿದ್ದ ಬೀದರ್, ರಾಯಚೂರು, ಯಾದಗಿರಿ ಮುಂತಾದ 7 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಮಠಗಳಿಂದ ಆಕ್ಷೇಪ ಬಂತು, ಮಕ್ಕಳೇ ಎದ್ದುನಿಂತು ತತ್ತಿ ಬೇಕು ಎಂದರು. ಮೊಟ್ಟೆಯಿದ್ದ ಯಾದಗಿರಿಯನ್ನೂ ಇಲ್ಲದ ಗದಗವನ್ನೂ ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಣೆಯಾಯಿತು. ಅದೇ ವರ್ಷ, ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ಇಲ್ಲೇ ಸಿದ್ಧವಾದ ನಿಲುವು ಪತ್ರವೊಂದು ಮೊಟ್ಟೆ ಬೇಡ ಎಂದಿತು. ವಾರಕ್ಕೆ ಎರಡಾದದ್ದು 2023ರ ಆಗಸ್ಟ್‌ನಲ್ಲಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂ. ಕೊಡಲು ಒಪ್ಪಿಕೊಂಡ ಮೇಲೆ, 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು: ಎರಡು ದಿನ ಸರ್ಕಾರದ್ದು, ನಾಲ್ಕು ದಿನ ಪ್ರತಿಷ್ಠಾನದ್ದು.

ಚರ್ಚೆಯೆಲ್ಲ ತಿನ್ನುವುದು ಸರಿಯೋ ತಪ್ಪೋ ಎಂಬಲ್ಲೇ ಸುತ್ತುತ್ತದೆ. ಶಾಲೆಯ ಅಡುಗೆಕೋಣೆಯ ಲೆಕ್ಕ ಬೇರೆಯೇ ಇದೆ.

ಐದನೇ ತರಗತಿವರೆಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ನೂರು ಮಕ್ಕಳಿಗೆ 10 ಕೆ.ಜಿ. ಅಕ್ಕಿ, 2 ಕೆ.ಜಿ. ಬೇಳೆ. ಇಬ್ಬರು ಅಡುಗೆಯವರಿಗೆ ಇದೇ ಬೆಳಗಿನ ತುಂಬು ಕೆಲಸ. ಅದರ ಮೇಲೆ ಮೂರು ಟ್ರೇ ಮತ್ತು ಹತ್ತು ಮೊಟ್ಟೆ. ನೀರಲ್ಲಿ ತೇಲಿದ್ದನ್ನು ತೆಗೆದಿಡಬೇಕು. ತಣ್ಣೀರಲ್ಲೇ ಇಟ್ಟು ಕಾಯಿಸಬೇಕು. ಕುದಿಯುವ ನೀರಿಗೆ ಹಾಕಿದರೆ ಸಿಪ್ಪೆ ಬಿರಿದು ಬಿಳಿ ಹೊರಬರುತ್ತದೆ. ಕುದಿ ಬಂದ ಮೇಲೆ ಹತ್ತು-ಹನ್ನೆರಡು ನಿಮಿಷ, ಆಮೇಲೆ ಮತ್ತೆ ತಣ್ಣೀರು. ತೀರಾ ಹೊಸ ಮೊಟ್ಟೆಯಾದರೆ ಸುಲಿಯುವಾಗ ಅರ್ಧ ಬಿಳಿ ಸಿಪ್ಪೆಗೇ ಅಂಟಿಕೊಂಡು ಹೋಗುತ್ತದೆ. ಊಟ ಹೊರಗಿನ ದೊಡ್ಡ ಅಡುಗೆಮನೆಯಿಂದ ಡಬ್ಬಿಯಲ್ಲಿ ಬರುವ ಶಾಲೆಗಳಲ್ಲಂತೂ ಒಲೆ, ಪಾತ್ರೆಗಳನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು.

2024ರಲ್ಲಿ ನಿಗದಿಯಾಗಿದ್ದ ದರ ಒಂದಕ್ಕೆ 6 ರೂ. ಖರೀದಿ, ಬೇಯಿಸುವ ಇಂಧನ, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಮೊಟ್ಟೆಯ ಪೇಟೆ ದರವಾದರೋ ದಿನಕ್ಕೊಂದು, ಚಳಿಗಾಲದಲ್ಲಿ ಏರುವುದೇ ವಾಡಿಕೆ. ಒಂದು ರೂಪಾಯಿ ಹೆಚ್ಚಾದರೆ ನೂರು ಮಕ್ಕಳ ಶಾಲೆಗೆ ವಾರಕ್ಕೆ 600 ರೂ. ಕೊರತೆ. ಅದನ್ನು ತುಂಬುವುದು ಮುಖ್ಯ ಶಿಕ್ಷಕರ ಜೇಬು. ಇಲ್ಲವೇ ಸಣ್ಣ ಗಾತ್ರದ ಮೊಟ್ಟೆ. ಎರಡನೆಯದು ನಡೆದಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರು ಕೇಳುವುದು ಶಿಕ್ಷಕರನ್ನೇ, ದರ ಬರೆದ ಕಡತವನ್ನಲ್ಲ.

ತಿನ್ನದವರಿಗೆ ಬಾಳೆಹಣ್ಣು. ಮೊದಲು ಶೇಂಗಾ ಚಿಕ್ಕಿಯೂ ಇತ್ತು, ಗುಣಮಟ್ಟದ ದೂರುಗಳ ನಂತರ 2025ರಲ್ಲಿ ಅದನ್ನು ಕೈಬಿಟ್ಟರು. ಪೋಷಕರನ್ನು ಕೇಳಿ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯ ಕ್ರಮವೇ. ಆದರೆ ಮನೆಯಲ್ಲಿ ಬೇಡವೆಂದು ಬರೆಸಿದ ಮಗು ಪಕ್ಕದವನ ತಟ್ಟೆ ನೋಡಿ ಕೈಚಾಚಿದರೆ ಏನು ಮಾಡಬೇಕೆಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಬೇಡವೆನ್ನುವವರನ್ನು ಬೇರೆ ಸಾಲಿನಲ್ಲಿ ಕೂರಿಸುವುದು ಸುಲಭ. ಊಟದ ಸಾಲು ಜಾತಿಯ ಸಾಲಾಗುವುದೂ ಅಲ್ಲಿಂದಲೇ. 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಊರಲ್ಲಿ ಮೊಟ್ಟೆಯ ಮಾತು ಪೋಷಕರು ಶಾಲೆಯಿಂದ ಮಕ್ಕಳ ಟಿ.ಸಿ. ಪಡೆಯುವವರೆಗೂ ಹೋಯಿತು.

ಇನ್ನು ಹಾಜರಾತಿ. ಮೊಟ್ಟೆ ಹಿಂದಿನ ದಿನವೇ ಬರುತ್ತದೆ, ತಲೆ ಎಣಿಸುವುದು ಬೆಳಗಿನ ಹಾಜರಿಯ ಮೇಲೆ. ಸಂತೆಯ ದಿನ, ಸುಗ್ಗಿಯ ವಾರ ಹತ್ತಿಪ್ಪತ್ತು ಮಕ್ಕಳು ಬರುವುದಿಲ್ಲ. ಬೇಯಿಸದೆ ಉಳಿದದ್ದನ್ನು ನಾಳೆಗಿಡಬಹುದು, ಬೆಂದದ್ದನ್ನು ಇಡುವಂತಿಲ್ಲ. ಹಾಗಾಗಿ ಅನುಭವಸ್ಥ ಅಡುಗೆಯವರು ಹಾಜರಿ ಲೆಕ್ಕ ಕೈಗೆ ಬರುವವರೆಗೂ ಒಲೆ ಹಚ್ಚುವುದಿಲ್ಲ.